ಒಂದೇ ಕೀ ಒತ್ತಿ ಐದು ಕಡೆ ಪದ ಹುಡುಕುವುದು

ಹೋದ ವರ್ಷ ಮಲೆನಾಡಿನ ಜಮೀನು, ಗೇಣಿ, ಅಡಿಕೆ ತೋಟಗಳ ಬಗ್ಗೆ ಹಿರಿಯರೊಬ್ಬರು ಬರೆದ ಲೇಖನವನ್ನು ಇಂಗ್ಲಿಷಿಗೆ ತರುತ್ತಿದ್ದೆ. ಅದರಲ್ಲಿ ಒಂದು ಕಡೆ ‘ಅವರು ನಮ್ಮ ಒಕ್ಕಲು’ ಅಂತ ಇತ್ತು. ಗೇಣಿಗೆ ಜಮೀನು ಮಾಡುವವರು ಅಂತ ಅರ್ಥ. ಹಿಂದೆ ಮುಂದೆ ಓದಿದರೆ ಗೊತ್ತಾಗುತ್ತದೆ. ಎರಡು ಪುಟ ಆದಮೇಲೆ ‘ನಮ್ಮ ಮನೆ ಒಕ್ಕಲಾದ ವರ್ಷ’ ಅಂತ ಬಂತು. ನಾನು ಮೊದಲಿನ ಅರ್ಥವನ್ನೇ ಹಿಡಿದುಕೊಂಡು, ಮನೆಯವರು ಗೇಣಿಗೆ ಸೇರಿದ ವರ್ಷ ಅಂತ ಬರೆದು ಕಳಿಸಿಬಿಟ್ಟೆ.

ಲೇಖಕರು ಫೋನ್ ಮಾಡಿದರು. ಬೈಯಲಿಲ್ಲ. ‘ಮನೆ ಒಕ್ಕಲು ಅಂದ್ರೆ ಹೊಸ ಮನೆಗೆ ಬಂದಿದ್ದು, ಪೇಟೆಯವರು ಗೃಹಪ್ರವೇಶ ಅಂತಾರಲ್ಲ, ಅದು’ ಅಂದರು. ನಾನು ಬೆಳೆದದ್ದು ಗದಗದ ಕಡೆ. ಅಲ್ಲಿ ಇದಕ್ಕೆ ವಾಸ್ತುಶಾಂತಿ ಅಂತಾರೆ. ಒಕ್ಕಲುತನ ಅಂದರೆ ಬೇಸಾಯ. ಹಾಗಾಗಿ ಒಕ್ಕಲು ಅಂದ ತಕ್ಷಣ ನನ್ನ ತಲೆಗೆ ಹೊಲವೇ ಬಂದಿತ್ತು, ಮನೆ ಬಂದಿರಲಿಲ್ಲ.

ನನಗೆ ಬೇಜಾರಾದದ್ದು ತಪ್ಪು ಆಯಿತು ಅಂತಲ್ಲ. ಆ ಪದ ಬಂದಾಗ ಒಂದು ಸಣ್ಣ ಅನುಮಾನ ಬಂದಿತ್ತು. ‘ಮನೆ’ಗೂ ‘ಒಕ್ಕಲಿ’ಗೂ ಏನು ಸಂಬಂಧ ಅಂತ ಒಂದು ಕ್ಷಣ ನಿಂತಿದ್ದೆ. ಆದರೂ ನೋಡಲಿಲ್ಲ. ಯಾಕೆ ಅಂದರೆ ನೋಡುವುದು ಅಂದರೆ ಪದ ಕಾಪಿ ಮಾಡಬೇಕು, ಬ್ರೌಸರಿಗೆ ಹೋಗಬೇಕು, ಹೊಸ ಟ್ಯಾಬ್ ತೆರೆಯಬೇಕು, ತಾಣದ ವಿಳಾಸ ಹಾಕಬೇಕು, ಹುಡುಕು ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ ಎಂಟರ್ ಒತ್ತಬೇಕು, ಅಲ್ಲಿ ಸಿಗದಿದ್ದರೆ ಇನ್ನೊಂದು ತಾಣಕ್ಕೆ ಹೋಗಿ ಇದನ್ನೆಲ್ಲ ಮತ್ತೆ ಮಾಡಬೇಕು. ಒಂದು ಪದಕ್ಕೆ ಆದರೆ ಸರಿ. ದಿನಕ್ಕೆ ಮೂವತ್ತು ನಲವತ್ತು ಪದಕ್ಕೆ ಇಷ್ಟು ಓಡಾಡಲು ಯಾರಿಗೂ ಆಗುವುದಿಲ್ಲ. ಮಧ್ಯಾಹ್ನ ಮೂರು ಗಂಟೆ ಆದಮೇಲಂತೂ ಕೈ ತಾನಾಗಿಯೇ ಮುಂದಿನ ವಾಕ್ಯಕ್ಕೆ ಹೋಗುತ್ತದೆ.

ಆ ಫೋನ್ ಬಂದ ಸಂಜೆಯೇ ಕೂತು ಒಂದು ಶಾರ್ಟ್‌ಕಟ್ ಮಾಡಿಕೊಂಡೆ. ಈಗ ಪದದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಫ್8 ಒತ್ತುತ್ತೇನೆ. ಒಂದು ಹೊಸ ಕಿಟಕಿಯಲ್ಲಿ ಐದು ಟ್ಯಾಬ್ ತೆರೆದುಕೊಳ್ಳುತ್ತವೆ. ಐದರಲ್ಲೂ ಆ ಪದವನ್ನು ಆಗಲೇ ಹುಡುಕಿ ಆಗಿರುತ್ತದೆ. ಕಣ್ಣಾಡಿಸುತ್ತೇನೆ, ಕಂಟ್ರೋಲ್ ಶಿಫ್ಟ್ ಡಬ್ಲ್ಯು ಒತ್ತಿ ಇಡೀ ಕಿಟಕಿ ಮುಚ್ಚುತ್ತೇನೆ, ಬರೆಯುತ್ತಿದ್ದ ಸಾಲಿಗೆ ವಾಪಸ್ ಬರುತ್ತೇನೆ. ಅಷ್ಟೇ. ಕನ್ನಡದಲ್ಲಿ ಬರೆಯುವ, ಅನುವಾದ ಮಾಡುವ, ಕರಡು ತಿದ್ದುವ ಎಲ್ಲರೂ ಇದನ್ನು ಮಾಡಿಕೊಳ್ಳಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಯಾವ ಐದು ತಾಣ ಅಂತ ಹೇಳುತ್ತೇನೆ. ಇದರಲ್ಲೇ ಅರ್ಧ ಕೆಲಸ ಇದೆ.

ಮೊದಲನೆಯದು ಅಲರ್. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಆನ್‌ಲೈನಿಗೆ ಬಂತು. ಒಂದೂವರೆ ಲಕ್ಷ ಪದ, 2 ಲಕ್ಷ 40 ಸಾವಿರದಷ್ಟು ಅರ್ಥಗಳು. ಒಬ್ಬರು ಮನುಷ್ಯರು ಮಾಡಿದ ಕೆಲಸ ಇದು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜೊತೆಗೆ ಅದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಮುಕ್ತ ಪರವಾನಗಿ ಇದೆ. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು ಕನ್ನಡ ವಿಕ್ಷನರಿ, ವಿಕಿಪೀಡಿಯದ ಹಾಗೆ ಜನರೇ ಸೇರಿ ಬರೆಯುವ ನಿಘಂಟು. ಕೆಲವು ಪದಕ್ಕೆ ಚೆನ್ನಾಗಿರುತ್ತದೆ, ಕೆಲವಕ್ಕೆ ಒಂದೇ ಸಾಲು. ಆದರೂ ಇಂಗ್ಲಿಷ್ ಪದ ಕೊಟ್ಟರೆ ಕನ್ನಡ ಅರ್ಥ ಸಿಗುವ ಪುಟಗಳು ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ಎರಡೂ ದಿಕ್ಕಿಗೆ ಕೆಲಸಕ್ಕೆ ಬರುತ್ತದೆ.

ಮೂರನೆಯದು ವಚನ ಸಂಚಯ. ಇದು ನಿಘಂಟಲ್ಲ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದೇ ಕಡೆ ಹುಡುಕಬಹುದಾದ ತಾಣ. ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ಅನುವಾದಕ್ಕೆ ವಚನ ಯಾಕೆ ಬೇಕು ಅಂತ ಕೆಲವರು ಕೇಳಿದ್ದಾರೆ. ಒಂದು ಪದ 12ನೇ ಶತಮಾನದಲ್ಲೂ ಇತ್ತು, ಆಗ ಅದನ್ನು ಹೀಗೆ ಬಳಸುತ್ತಿದ್ದರು ಅಂತ ಕಣ್ಣಾರೆ ಕಂಡರೆ, ಆ ಪದದ ತೂಕ ಬೇರೆಯೇ ಆಗುತ್ತದೆ. ‘ಒಕ್ಕಲು’ ವಿಷಯದಲ್ಲೇ ನೋಡಿ, ಒಕ್ಕಲಿಗ ಮುದ್ದಣ್ಣ ಅಂತ ಒಬ್ಬ ವಚನಕಾರರೇ ಇದ್ದಾರೆ. ಹೊಲ, ಬೀಜ, ಬೆಳೆಯ ಮಾತಲ್ಲೇ ತಮ್ಮ ಅನುಭವ ಹೇಳಿದವರು.

ನಾಲ್ಕನೆಯದು ಕನ್ನಡ ವಿಕಿಸೋರ್ಸ್, ಮುಕ್ತವಾಗಿ ಸಿಗುವ ಪುಸ್ತಕಗಳ ವಿಕಿ ತಾಣ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದರ ಬರಹಗಳು ಅಲ್ಲಿ ಸಿಗುತ್ತವೆ. ಗಿಡ, ಹಕ್ಕಿ, ಊರು, ಕಸುಬು ಇಂಥ ಪದಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಿಘಂಟಿನಲ್ಲಿ ‘ಒಂದು ಜಾತಿಯ ಮರ’ ಅಂತ ಇದ್ದರೆ ನಮಗೆ ಏನು ಉಪಯೋಗ ಹೇಳಿ. ವಿಶ್ವಕೋಶ ಆ ಮರದ ಎಲೆ ಹೇಗಿರುತ್ತೆ ಅಂತಲೂ ಹೇಳುತ್ತದೆ.

ಐದನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಅದು ಸುಮ್ನೆ ಒಂದು ಸರ್ಚ್ ಎಂಜಿನ್, ಆದರೆ ಒಂದೇ ಪತ್ರಿಕೆಯ ತಾಣಕ್ಕೆ ಕಟ್ಟಿಹಾಕಿದ್ದು. ಹುಡುಕುವ ಪದಕ್ಕೆ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲಿ ‘ಸೈಟ್’ ಅಂತ ಬರೆದು ಎರಡು ಚುಕ್ಕೆ ಹಾಕಿ ಪತ್ರಿಕೆಯ ತಾಣದ ಹೆಸರು ಕೊಟ್ಟರೆ ಆ ತಾಣದ ಪುಟಗಳು ಮಾತ್ರ ಬರುತ್ತವೆ. ‘ಸೈಟ್’ ಮತ್ತು ತಾಣದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಎರಡು ಚುಕ್ಕೆಯ ಆಚೆ ಈಚೆ ಜಾಗ ಬಿಡಬಾರದು. ನಾನು ಪ್ರಜಾವಾಣಿ ಇಟ್ಟುಕೊಂಡಿದ್ದೇನೆ, ಜಿಲ್ಲೆ ಜಿಲ್ಲೆಯ ಸುದ್ದಿ ಇರುತ್ತದೆ ಅಂತ. ನಿಘಂಟು ಪದದ ಅರ್ಥ ಹೇಳುತ್ತದೆ. ಪತ್ರಿಕೆಯಲ್ಲಿ ಆ ಪದದ ಅಕ್ಕಪಕ್ಕ ಯಾವ ಪದ ಕೂರುತ್ತದೆ, ಯಾವ ಊರಿನ ಸುದ್ದಿಯಲ್ಲಿ ಬರುತ್ತದೆ, ಈಗಲೂ ಜನ ಬಳಸುತ್ತಾರಾ ಅನ್ನುವುದು ಗೊತ್ತಾಗುತ್ತದೆ. ‘ಮನೆ ಒಕ್ಕಲು’ ಅಂತ ಜೋಡಿಯಾಗಿ ಕೊಟ್ಟಿದ್ದರೆ ನನ್ನ ತಪ್ಪು ಅವತ್ತೇ ಸಿಕ್ಕಿಬೀಳುತ್ತಿತ್ತು.

ಕಿಟ್ಟೆಲ್ ಎಲ್ಲಿ ಅಂತ ಕೇಳುತ್ತೀರಿ. ಕಿಟ್ಟೆಲ್ ನನ್ನ ಮೇಜಿನ ಮೇಲೇ ಇದೆ, ಅಚ್ಚಿನ ಪುಸ್ತಕ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಬಂದ ನಿಘಂಟು, ನನ್ನ ಹತ್ತಿರ ಇರುವುದು ಮರುಮುದ್ರಣ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಗ್ರಂಥಾಲಯಕ್ಕೇ ಹೋಗುತ್ತೇನೆ. ಐದು ಟ್ಯಾಬ್ ನೋಡಿಯೂ ಬಗೆಹರಿಯದ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಅಲ್ಲಿ ನೋಡುತ್ತೇನೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟು ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿದೆ. ಬಹಳ ಇಷ್ಟದ ತಾಣ. ಆದರೆ ಅದರಲ್ಲಿ ಕನ್ನಡ ಪದಗಳು ರೋಮನ್ ಲಿಪಿಯಲ್ಲಿ, ಮೇಲೆ ಕೆಳಗೆ ಗುರುತು ಹಾಕಿಕೊಂಡು ಇರುತ್ತವೆ. ಕನ್ನಡ ಲಿಪಿಯಿಂದ ನೇರ ಹೊಂದಿಸುವುದು ಸ್ವಲ್ಪ ಕಷ್ಟ ಅಂತ ಅದನ್ನು ಎಫ್8ರ ಹೊರಗೇ ಇಟ್ಟಿದ್ದೇನೆ.

ಈಗ ಇದು ಕೆಲಸ ಮಾಡುವ ಬಗೆ. ಬಹಳ ಸರಳ.

ಹೆಚ್ಚಿನ ತಾಣಗಳಲ್ಲಿ ನೀವು ಏನಾದರೂ ಹುಡುಕಿದಾಗ ಆ ಪದ ಮೇಲಿನ ವಿಳಾಸದಲ್ಲೂ ಬರುತ್ತದೆ. ‘ಮನೆ’ ಅಂತ ಹುಡುಕಿ ವಿಳಾಸ ಪಟ್ಟಿ ನೋಡಿ. ಕೊನೆಯಲ್ಲೋ ನಡುವೆಯೋ ‘ಮನೆ’ ಕಾಣುತ್ತದೆ. ಅದರ ಜಾಗದಲ್ಲಿ ‘ಹೊಲ’ ಅಂತ ಬರೆದು ಎಂಟರ್ ಒತ್ತಿದರೆ ‘ಹೊಲ’ದ ಪುಟ ಬರುತ್ತದೆ. ಅಂದರೆ ಹುಡುಕು ಪೆಟ್ಟಿಗೆಯ ಅಗತ್ಯವೇ ಇಲ್ಲ. ವಿಳಾಸದ ಅಚ್ಚು ಗೊತ್ತಿದ್ದರೆ ಸಾಕು, ಅದರೊಳಗೆ ಯಾವ ಪದ ಬೇಕಾದರೂ ಸುರಿಯಬಹುದು. ಐದು ತಾಣಕ್ಕೆ ಐದು ಅಚ್ಚು. ನಮ್ಮ ಶಾರ್ಟ್‌ಕಟ್ ಮಾಡುವುದು ಇಷ್ಟೇ: ಆಯ್ಕೆ ಮಾಡಿದ ಪದವನ್ನು ಎತ್ತಿಕೊಂಡು, ಐದು ಅಚ್ಚಿಗೂ ಹಾಕಿ, ಐದು ವಿಳಾಸವನ್ನೂ ಬ್ರೌಸರಿಗೆ ಕೊಡುವುದು.

ವಿಕಿ ತಾಣಗಳಿಗೆ ಒಂದು ಕಿವಿಮಾತು. ಅಲ್ಲಿ ಪುಟದ ವಿಳಾಸ ಬೇರೆ, ಹುಡುಕುವ ವಿಳಾಸ ಬೇರೆ. ಹುಡುಕುವ ವಿಳಾಸವನ್ನೇ ಅಚ್ಚಾಗಿ ಇಟ್ಟುಕೊಳ್ಳಿ. ಆ ಹೆಸರಿನ ಪುಟ ಇದ್ದರೆ ನೇರ ಅಲ್ಲಿಗೇ ಹೋಗುತ್ತದೆ, ಇಲ್ಲದಿದ್ದರೆ ಆ ಪದ ಬಂದಿರುವ ಪುಟಗಳ ಪಟ್ಟಿ ಕೊಡುತ್ತದೆ. ಪುಟದ ವಿಳಾಸ ಇಟ್ಟರೆ ‘ಈ ಪುಟ ಇಲ್ಲ’ ಅಂತ ಬಂದು ನಿಲ್ಲುತ್ತದೆ.

ಕೆಲವು ತಾಣಗಳು ಪದವನ್ನು ವಿಳಾಸದಲ್ಲಿ ತೋರಿಸುವುದಿಲ್ಲ, ಒಳಗಿಂದೊಳಗೇ ಕಳಿಸುತ್ತವೆ. ಅಂಥ ತಾಣಕ್ಕೆ ಈ ದಾರಿ ನಡೆಯುವುದಿಲ್ಲ. ಆಗ ಮೇಲೆ ಹೇಳಿದ ಹಾಗೆ ಸರ್ಚ್ ಎಂಜಿನ್ನನ್ನು ಆ ತಾಣಕ್ಕೆ ಕಟ್ಟಿಹಾಕಬಹುದು. ಅಥವಾ ಮುಖಪುಟ ಮಾತ್ರ ತೆರೆಯುವ ಹಾಗೆ ಮಾಡಿ, ಪದ ಹೇಗೂ ಕಾಪಿ ಆಗಿರುತ್ತದಲ್ಲ, ಪೇಸ್ಟ್ ಮಾಡುವುದು.

ಬ್ರೌಸರಿನಲ್ಲೇ ಇದಕ್ಕೆ ವ್ಯವಸ್ಥೆ ಇಲ್ಲವಾ ಅಂದರೆ, ಒಂದು ಮಟ್ಟಿಗೆ ಇದೆ. ಫೈರ್‌ಫಾಕ್ಸಿನಲ್ಲಿ ಬುಕ್‌ಮಾರ್ಕಿಗೆ ಒಂದು ಕೀವರ್ಡ್ ಕೊಡಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸಿನ ಸರ್ಚ್ ಎಂಜಿನ್ ವಿಭಾಗದಲ್ಲಿ ಸೈಟ್ ಸರ್ಚ್ ಅಂತ ಇದೆ. ವಿಳಾಸದಲ್ಲಿ ಪದ ಬರಬೇಕಾದ ಜಾಗಕ್ಕೆ ಶೇಕಡಾ ಚಿಹ್ನೆ ಮತ್ತು ಸಣ್ಣ ಎಸ್ ಅಕ್ಷರ ಹಾಕಿಟ್ಟರೆ, ಆಮೇಲೆ ವಿಳಾಸ ಪಟ್ಟಿಯಲ್ಲಿ ಕೀವರ್ಡ್, ಜಾಗ, ಪದ ಅಂತ ಬರೆದರೆ ಸಾಕು. ಒಂದೇ ತಾಣ ಸಾಕು ಅನ್ನುವವರಿಗೆ ಇದು ಐದು ನಿಮಿಷದ ಕೆಲಸ, ಇವತ್ತೇ ಮಾಡಿಕೊಳ್ಳಿ. ಆದರೆ ಒಂದು ಸಲಕ್ಕೆ ಒಂದೇ ತಾಣ ತೆರೆಯುತ್ತದೆ. ಬುಕ್‌ಮಾರ್ಕಿನೊಳಗೆ ಸಣ್ಣ ಜಾವಾಸ್ಕ್ರಿಪ್ಟ್ ಬರೆದು ಐದೂ ತೆರೆಸಲು ನೋಡಿದೆ. ಮೊದಲನೆಯದು ತೆರೆಯಿತು, ಉಳಿದ ನಾಲ್ಕನ್ನು ಬ್ರೌಸರು ಜಾಹೀರಾತಿನ ಪಾಪ್‌ಅಪ್ ಅಂದುಕೊಂಡು ತಡೆಯಿತು. ತಾಣ ತಾಣಕ್ಕೂ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಆದರೆ ನಾನು ಪದ ಹುಡುಕುವುದು ಬ್ರೌಸರಿನಿಂದ ಮಾತ್ರ ಅಲ್ಲವಲ್ಲ. ಲಿಬ್ರೆಆಫೀಸಿನಿಂದ, ಪಿಡಿಎಫ್‌ನಿಂದ, ಮೇಲ್‌ನಿಂದ ಎಲ್ಲ ಕಡೆಯಿಂದ ಬೇಕು. ಹಾಗಾಗಿ ಶಾರ್ಟ್‌ಕಟ್ ಬ್ರೌಸರಿನ ಹೊರಗೆ, ಇಡೀ ಕಂಪ್ಯೂಟರಿಗೆ ಅನ್ವಯಿಸುವ ಹಾಗೆ ಇರಬೇಕು.

ವಿಂಡೋಸ್ ಇದ್ದರೆ ಆಟೋಹಾಟ್‌ಕೀ. ಕೀಗಳಿಗೆ ಕೆಲಸ ಕಟ್ಟಿಕೊಡುವ ತಂತ್ರಾಂಶ ಅದು, ಉಚಿತ, 2003ರಿಂದ ಇದೆ, ಈಗ ಎರಡನೇ ಆವೃತ್ತಿ. ಅದರಲ್ಲಿ ಒಂದು ಸಣ್ಣ ಪಠ್ಯ ಕಡತ ಬರೆದಿಟ್ಟರೆ ಆಯಿತು. ಕಡತ ಏನು ಮಾಡಬೇಕು ಅಂತ ಕ್ರಮವಾಗಿ ಹೇಳುತ್ತೇನೆ. ಎಫ್8 ಒತ್ತಿದಾಗ, ಕ್ಲಿಪ್‌ಬೋರ್ಡಿನಲ್ಲಿ ಈಗ ಇರುವುದನ್ನು, ಅಂದರೆ ನೀವು ಕೊನೆಯದಾಗಿ ಕಾಪಿ ಮಾಡಿದ್ದನ್ನು, ಒಂದು ಕಡೆ ಎತ್ತಿಡಬೇಕು. ಆಮೇಲೆ ಕ್ಲಿಪ್‌ಬೋರ್ಡ್ ಖಾಲಿ ಮಾಡಿ ಕಂಟ್ರೋಲ್ ಸಿ ಕಳಿಸಬೇಕು. ಪದ ಬಂದು ಬೀಳುವವರೆಗೆ ಒಂದು ಸೆಕೆಂಡಿನಷ್ಟು ಕಾಯಬೇಕು. ಈ ಕಾಯುವ ಸಾಲು ಬಿಟ್ಟರೆ ಖಾಲಿ ಪದ ಹುಡುಕಿ ಐದು ಖಾಲಿ ಪುಟ ತೆರೆಯುತ್ತದೆ. ನನಗೆ ಮೊದಲ ದಿನ ಪೂರ್ತಿ ಇದೇ ಆಗಿತ್ತು. ಪದ ಸಿಕ್ಕಮೇಲೆ ಅಚ್ಚುಗಳಿಗೆ ಹಾಕಿ ಬ್ರೌಸರ್ ತೆರೆಯಬೇಕು, ಕೊನೆಗೆ ಎತ್ತಿಟ್ಟ ಹಳೆಯ ಕ್ಲಿಪ್‌ಬೋರ್ಡನ್ನು ವಾಪಸ್ ಇಡಬೇಕು. ಈ ಕೊನೆಯ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಂದು ಪ್ಯಾರಾ ಕಟ್ ಮಾಡಿಕೊಂಡು, ಎಲ್ಲಿ ಹಾಕಲಿ ಅಂತ ಯೋಚಿಸುತ್ತಾ ನಡುವೆ ಒಂದು ಪದ ಹುಡುಕಿದರೆ, ಇಡೀ ಪ್ಯಾರಾ ಹೋಗಿಬಿಡುತ್ತದೆ.

ಲಿನಕ್ಸಿನಲ್ಲಿ ಇನ್ನೂ ಸುಲಭ. ಅಲ್ಲಿ ಪದವನ್ನು ಆಯ್ಕೆ ಮಾಡಿದರೆ ಸಾಕು, ಕಾಪಿ ಮಾಡದಿದ್ದರೂ ಅದು ಇನ್ನೊಂದು ಕಡೆ ಸಿಗುತ್ತಿರುತ್ತದೆ. ಎಕ್ಸ್‌ಕ್ಲಿಪ್ ಅಥವಾ ಎಕ್ಸ್‌ಸೆಲ್ (xsel, ಲೆಕ್ಕದ ಎಕ್ಸೆಲ್ ಅಲ್ಲ) ಅನ್ನುವ ಸಣ್ಣ ಉಪಕರಣ ಅದನ್ನು ಓದಿ ಕೊಡುತ್ತದೆ. ಹೊಸ ಲಿನಕ್ಸುಗಳಲ್ಲಿ ಪರದೆ ನಡೆಸುವ ವೇಲ್ಯಾಂಡ್ ಇದ್ದರೆ ಡಬ್ಲ್ಯುಎಲ್ ಕ್ಲಿಪ್‌ಬೋರ್ಡ್ ಬೇಕು. ಕ್ಲಿಪ್‌ಬೋರ್ಡ್ ಎತ್ತಿಡುವ, ವಾಪಸ್ ಇಡುವ ರಗಳೆಯೇ ಇಲ್ಲ. ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದು, ಸೆಟ್ಟಿಂಗ್ಸಿನ ಕೀಬೋರ್ಡ್ ವಿಭಾಗದಲ್ಲಿ ಅದಕ್ಕೆ ಕೀ ಕಟ್ಟಿದರೆ ಮುಗಿಯಿತು. ಮ್ಯಾಕ್ ಇದ್ದವರು ಆಟೊಮೇಟರಿನಲ್ಲಿ ಕ್ವಿಕ್ ಆ್ಯಕ್ಷನ್ ಅಂತ ಮಾಡಿ, ಪಠ್ಯ ತೆಗೆದುಕೊಳ್ಳುವ ಹಾಗೆ ಹೇಳಿ, ಕೀಬೋರ್ಡ್ ಶಾರ್ಟ್‌ಕಟ್ಸಿನ ಸರ್ವಿಸಸ್ ಪಟ್ಟಿಯಲ್ಲಿ ಅದಕ್ಕೆ ಕೀ ಕೊಡಬಹುದು.

ಕೀ ಯಾವುದು ಇರಬೇಕು ಅನ್ನುವುದರಲ್ಲಿ ಕನ್ನಡದವರು ಒಂದು ವಿಷಯ ನೋಡಿಕೊಳ್ಳಬೇಕು. ನಾನು ಮೊದಲು ಕಂಟ್ರೋಲ್ ಆಲ್ಟ್ ಡಿ ಇಟ್ಟಿದ್ದೆ. ಇಂಗ್ಲಿಷ್ ಟೈಪ್ ಮಾಡುವಾಗ ಸರಿಯಾಗಿ ಕೆಲಸ ಮಾಡುತ್ತಿತ್ತು, ಕನ್ನಡಕ್ಕೆ ಬದಲಾಯಿಸಿದ ತಕ್ಷಣ ಒಮ್ಮೆ ಮಾಡಿದರೆ ಒಮ್ಮೆ ಇಲ್ಲ. ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಆ ಕೀ ‘ಡಿ’ ಆಗಿ ಇರುವುದಿಲ್ಲ, ಅಲ್ವಾ? ಅಲ್ಲಿ ಒಂದು ಕನ್ನಡ ಅಕ್ಷರ ಕೂತಿರುತ್ತದೆ. ಅದಕ್ಕೆ ಎಫ್ ಸಾಲಿನ ಕೀಗಳೇ ಒಳ್ಳೆಯದು. ಯಾವ ಭಾಷೆಯಲ್ಲಿದ್ದರೂ ಎಫ್8 ಎಫ್8ರೇ. ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೂಡ ಒತ್ತಬೇಕಾಗಬಹುದು, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಗಾದರೂ ಆಗುತ್ತದೆ. ಕನ್ನಡಕ್ಕೆ ಅಂತಲೇ ಬರುವ ತೊಂದರೆಗಳು ಬೇರೆ ಇವೆ. ನನಗೆ ಸಮಯ ಹಿಡಿದದ್ದೇ ಅವುಗಳಿಗೆ.

ದೊಡ್ಡದು ಪ್ರತ್ಯಯ. ಬರಹದಲ್ಲಿ ‘ಮನೆ’ ಅಂತ ಬರೀ ಪದ ಇರುವುದು ಕಡಿಮೆ. ಮನೆಯಿಂದ, ಮನೆಗೂ, ಮನೆಯವರದ್ದೇ ಅಂತ ಇರುತ್ತದೆ. ನಿಘಂಟಿನಲ್ಲಿ ‘ಮನೆಯವರದ್ದೇ’ ಅಂತ ಹುಡುಕಿದರೆ ಏನು ಸಿಗುತ್ತದೆ? ‘ಒಕ್ಕಲಾದ’ ಕೂಡ ಹಾಗೇ, ‘ಒಕ್ಕಲು’ ಅಂತ ಮಾಡಿಕೊಂಡರೆ ಮಾತ್ರ ಸಿಗುತ್ತದೆ. ಮೊದಲು ಪ್ರತ್ಯಯ ಕತ್ತರಿಸುವುದನ್ನೂ ಪೈಥಾನಿಗೇ ಹೇಳಿಕೊಡಲು ಹೋದೆ. ‘ಯಿಂದ’, ‘ದಲ್ಲಿ’, ‘ಗಳು’ ಅಂತ ಪಟ್ಟಿ ಮಾಡಿದೆ. ಎರಡು ಸಂಜೆ ಹೋಯಿತು. ‘ಮರದಲ್ಲಿ’ ಇದ್ದರೆ ‘ಮರ’ ಸಿಗುತ್ತದೆ, ‘ಹೊಳೆಗಳು’ ಇದ್ದರೆ ‘ಹೊಳೆ’ ಸಿಗುತ್ತದೆ, ಆದರೆ ‘ನೀರಲ್ಲಿ’, ‘ಕಾಲಿಗೆ’, ‘ಹೋಗಿದ್ದರಂತೆ’ ಇವಕ್ಕೆಲ್ಲ ಸಂಧಿ ಬಿಡಿಸಬೇಕು, ಕ್ರಿಯಾಪದದ ಮೂಲ ಹುಡುಕಬೇಕು. ಕನ್ನಡ ಗೊತ್ತಿರುವ ಯಾರಾದರೂ ಕಣ್ಣು ಮುಚ್ಚಿ ಮಾಡುವ ಕೆಲಸ ಇದು. ಹಾಗಾದರೆ ಅವರೇ ಮಾಡಲಿ ಅಂತ ಬಿಟ್ಟೆ. ಈಗ ಎಫ್8 ಒತ್ತಿದಾಗ ಮೊದಲು ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ, ಅದರಲ್ಲಿ ಆಯ್ಕೆ ಮಾಡಿದ ಪದ ಇರುತ್ತದೆ. ಸರಿ ಇದ್ದರೆ ಎಂಟರ್. ಇಲ್ಲದಿದ್ದರೆ ಬಾಲ ಅಳಿಸಿ ಎಂಟರ್. ಆಟೋಹಾಟ್‌ಕೀಯಲ್ಲಿ ಇನ್‌ಪುಟ್‌ಬಾಕ್ಸ್, ಲಿನಕ್ಸಿನಲ್ಲಿ ಜೆನಿಟಿ ಇದನ್ನು ಮಾಡಿಕೊಡುತ್ತವೆ. ಒಂದು ಎಂಟರ್ ಜಾಸ್ತಿ ಆಯಿತು. ಆದರೆ ಇದರಿಂದ ಇನ್ನೊಂದು ಲಾಭ ಸಿಕ್ಕಿತು: ಏನೂ ಆಯ್ಕೆ ಮಾಡದೆ ಎಫ್8 ಒತ್ತಿ, ತಲೆಗೆ ಬಂದ ಪದವನ್ನು ನೇರ ಟೈಪ್ ಮಾಡಬಹುದು.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳು. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ಟ್’ ಆದಮೇಲೆ ‘ವೇ’ ಒತ್ತಾಗಿ ಕೆಳಗೆ ಇಳಿಯದ ಹಾಗೆ ನಡುವೆ ಒಂದು ಗುರುತು ಇರುತ್ತದೆ. ಅದಕ್ಕೆ ಅಗಲ ಇಲ್ಲ, ಆಕಾರ ಇಲ್ಲ, ಆದರೆ ಕಂಪ್ಯೂಟರಿಗೆ ಅದೂ ಒಂದು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅದರ ಸಂಖ್ಯೆ 8204. ಅದರ ಪಕ್ಕದ್ದು 8205, ಅದೂ ಇಂಥದ್ದೇ, ‘ರ‍್ಯಾಂಕ್’ ಅಂತ ಬರೆಯಲು ಬೇಕಾಗುತ್ತದೆ. ಪಿಡಿಎಫ್‌ನಿಂದ, ವಾಟ್ಸಾಪಿನಿಂದ ಎತ್ತಿಕೊಂಡ ಪದದ ಹಿಂದೆ ಮುಂದೆ ಇವು ಅಂಟಿಕೊಂಡು ಬರುತ್ತವೆ. ಪದ ಸರಿಯಾಗೇ ಕಾಣುತ್ತದೆ, ಆದರೆ ನಿಘಂಟು ‘ಇಲ್ಲ’ ಅನ್ನುತ್ತದೆ. ನನಗೆ ತಲೆ ಕೆಟ್ಟುಹೋಗಿತ್ತು. ಅದೇ ಪದವನ್ನು ಕೈಯಲ್ಲಿ ಟೈಪ್ ಮಾಡಿದರೆ ಸಿಗುತ್ತದೆ, ಪೇಸ್ಟ್ ಮಾಡಿದರೆ ಸಿಗುವುದಿಲ್ಲ! ಈಗ ನಿಘಂಟುಗಳಿಗೆ ಕಳಿಸುವ ಮೊದಲು ಇವೆರಡನ್ನೂ ತೆಗೆದುಹಾಕುತ್ತೇನೆ. ವಿಕಿ ತಾಣಗಳಿಗೆ ಮಾತ್ರ ಪದದ ನಡುವೆ ಇದ್ದದ್ದನ್ನು ಹಾಗೇ ಬಿಡುತ್ತೇನೆ, ಯಾಕೆಂದರೆ ಅಲ್ಲಿ ‘ಸಾಫ್ಟ್‌ವೇರ್’ನಂಥ ಪುಟದ ಹೆಸರಿನಲ್ಲೇ ಅದು ಇರುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ‘ಕೋ’ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಕ’ ಜೊತೆ ಓತ್ವದ ಒಂದೇ ಗುರುತು. ಅಥವಾ ‘ಕ’, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಬಿಡಿಬಿಡಿಯಾಗಿ. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಕಡತಗಳನ್ನು ಪರಿವರ್ತನೆ ಮಾಡಿದಾಗ, ಸ್ಕ್ಯಾನ್ ಮಾಡಿದ ಪುಸ್ತಕದಿಂದ ಅಕ್ಷರ ಎತ್ತಿದಾಗ ಬಿಡಿ ರೂಪ ಬಂದಿರುವುದುಂಟು. ಕನ್ನಡದಲ್ಲಿ ಹೀಗೆ ಬಿಡಿಸಿ ಬರೆಯಬಹುದಾದ ಸ್ವರಚಿಹ್ನೆ ಐದು: ಈ, ಏ, ಐ, ಒ, ಓ ಇವುಗಳದ್ದು. ಪೈಥಾನಿನಲ್ಲಿ ಇವನ್ನು ಒಂದೇ ರೂಪಕ್ಕೆ ತರಲು ಒಂದು ಸಾಲು ಸಾಕು, ನಾರ್ಮಲೈಸ್ ಅಂತ ಒಂದು ಸೌಲಭ್ಯ ಇದೆ. ಆಟೋಹಾಟ್‌ಕೀಯಲ್ಲಿ ಐದು ಬದಲಾವಣೆ ಬರೆದುಕೊಳ್ಳಬೇಕು. ‘ಒ’ವನ್ನು ಮೊದಲು ಜೋಡಿಸಿ ಆಮೇಲೆ ‘ಓ’ ಜೋಡಿಸಬೇಕು, ಅದೊಂದು ಕ್ರಮ ತಪ್ಪಬಾರದು.

ಹಳೆಯ ನುಡಿ ಫಾಂಟಿನ ಕಡತಗಳದ್ದು ಬೇರೆಯೇ ಕಥೆ. ಯುನಿಕೋಡ್ ಅಲ್ಲದ ನುಡಿಯಲ್ಲಿ ಬರೆದದ್ದನ್ನು ಕಾಪಿ ಮಾಡಿದರೆ ಕನ್ನಡವೇ ಬರುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಅದಕ್ಕೆ ಪರಿವರ್ತಕಗಳಿವೆ, ಇಡೀ ಕಡತವನ್ನು ಮೊದಲೇ ಬದಲಾಯಿಸಿಕೊಂಡು ಕೂರುವುದು ಒಳ್ಳೆಯದು. ನನ್ನ ಶಾರ್ಟ್‌ಕಟ್ ಒಂದು ಪರೀಕ್ಷೆ ಮಾತ್ರ ಮಾಡುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಆಯ್ಕೆ ಮಾಡಿದ ಪದದಲ್ಲಿ ಅವುಗಳಲ್ಲಿ ಒಂದೂ ಇಲ್ಲದಿದ್ದರೆ ಅದು ಇಂಗ್ಲಿಷ್ ಅಂತ ತಿಳಿದು ವಿಕ್ಷನರಿ, ಸರ್ಚ್ ಎಂಜಿನ್ ಎರಡನ್ನೇ ತೆರೆಯುತ್ತದೆ.

ಇನ್ನು ಅಚ್ಚಿಗೆ ಪದ ಹಾಕುವಾಗ ಅದನ್ನು ವಿಳಾಸಕ್ಕೆ ಒಗ್ಗುವ ರೂಪಕ್ಕೆ ತರಬೇಕು. ಕನ್ನಡದ ಒಂದೊಂದು ಗುರುತೂ ಮೂರು ಬೈಟ್ ಆಗುತ್ತದೆ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ‘ಮನೆ’ ಅನ್ನುವ ಪುಟ್ಟ ಪದ, ‘ಮ’, ‘ನ’, ಎತ್ವ ಅಂತ ಮೂರು ಗುರುತು, ವಿಳಾಸದಲ್ಲಿ 27 ಅಕ್ಷರ ಆಗುತ್ತದೆ. ಬ್ರೌಸರು ಹೆಚ್ಚಾಗಿ ತಾನೇ ಇದನ್ನು ಮಾಡಿಕೊಳ್ಳುತ್ತದೆ, ಆದರೆ ಎರಡು ಪದದ ಜೋಡಿ ಕೊಟ್ಟಾಗ ನಡುವಿನ ಜಾಗದಿಂದ ವಿಳಾಸ ಮುರಿಯುತ್ತದೆ. ಪೈಥಾನಿನ ಕೋಟ್ ಸೌಲಭ್ಯ ಬಳಸಿದರೆ ಚಿಂತೆ ಇಲ್ಲ.

ಇಷ್ಟು ಸುಲಭವಾಗಿ ತಾಣ ತೆರೆಯಬಹುದು ಅಂತ ಗೊತ್ತಾದಮೇಲೆ, ಒಂದು ಸಾವಿರ ಪದದ ಪಟ್ಟಿ ಕೊಟ್ಟು ಎಲ್ಲವನ್ನೂ ತಾನೇ ಹುಡುಕಿಸೋಣ ಅಂತ ಆಸೆ ಬರುತ್ತದೆ. ಬೇಡ. ಈ ತಾಣಗಳಲ್ಲಿ ಕೆಲವು ಸ್ವಂತ ಸಮಯ, ಸ್ವಂತ ದುಡ್ಡು ಹಾಕಿ ಜನ ನಡೆಸುತ್ತಿರುವವು. ಎಫ್8 ಒತ್ತಿ ಒಂದು ಪುಟ ತೆರೆಯುವುದು ಕೈಯಲ್ಲಿ ತೆರೆದಷ್ಟೇ, ಅದರಿಂದ ಯಾರಿಗೂ ಹೊರೆಯಿಲ್ಲ. ಒಂದೇ ಏಟಿಗೆ ಸಾವಿರ ಪುಟ ಕೇಳಿದರೆ ಹೊರೆ. ಅಷ್ಟು ಪದ ಬೇಕಿದ್ದರೆ ಅಲರ್‌ನ ಇಡೀ ದತ್ತಾಂಶವೇ ಇಳಿಸಿಕೊಳ್ಳಲು ಸಿಗುತ್ತದೆ ಅಂದೆನಲ್ಲ, ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಎಷ್ಟು ಬೇಕಾದರೂ ಹುಡುಕಿ.

ತಾಣ ಐದಕ್ಕಿಂತ ಜಾಸ್ತಿ ಮಾಡಬೇಡಿ ಅಂತಲೂ ಹೇಳುತ್ತೇನೆ. ಒಂದು ವಾರ ಹನ್ನೊಂದು ಇಟ್ಟು ನೋಡಿದೆ. ಕಿಟಕಿ ತೆರೆಯುವುದು ನಿಧಾನವಾಯಿತು, ಐದಾರು ಟ್ಯಾಬ್ ಆದಮೇಲೆ ನೋಡುತ್ತಲೇ ಇರಲಿಲ್ಲ. ಬಳಸದ ತಾಣ ಇದ್ದರೆ ತೆಗೆಯಿರಿ. ಕಾನೂನು ಅನುವಾದ ಮಾಡುವ ನನ್ನ ಸ್ನೇಹಿತೆ ವಚನ ಸಂಚಯ ತೆಗೆದು ಕರ್ನಾಟಕ ಸರ್ಕಾರದ ಪದಕಣಜ ಅನ್ನುವ ನಿಘಂಟು ತಾಣದ ಮುಖಪುಟ ಇಟ್ಟುಕೊಂಡಿದ್ದಾಳೆ, ಆಡಳಿತದ ಪದಗಳಿಗೆ ಅವಳಿಗೆ ಅದು ಬೇಕು. ಅವಳ ಕೆಲಸಕ್ಕೆ ಅದೇ ಸರಿ.

ಮೊನ್ನೆ ಅದೇ ಲೇಖಕರ ಎರಡನೇ ಲೇಖನ ಬಂತು. ಮೂರನೇ ಪುಟದಲ್ಲಿ ‘ತೋಟಕ್ಕೆ ಸೇರಿದ ಬೆಟ್ಟ’ ಅಂತ ಇತ್ತು. ಬೆಟ್ಟ ಗೊತ್ತಿಲ್ಲದವರು ಯಾರಿದ್ದಾರೆ? ಮೊದಲಾಗಿದ್ದರೆ ನೋಡುವ ಯೋಚನೆಯೂ ಬರುತ್ತಿರಲಿಲ್ಲ. ಆದರೆ ತೋಟಕ್ಕೆ ಬೆಟ್ಟ ಹೇಗೆ ಸೇರುತ್ತದೆ ಅಂತ ಅನ್ನಿಸಿತು, ಬೆರಳು ಎಫ್8ರ ಮೇಲೇ ಇತ್ತು, ಒತ್ತಿದೆ. ನಿಘಂಟಿನ ಟ್ಯಾಬಿನಲ್ಲಿ ಗುಡ್ಡ, ಪರ್ವತ. ಐದನೇ ಟ್ಯಾಬಿಗೆ ಬಂದು, ಪೆಟ್ಟಿಗೆಯಲ್ಲಿ ‘ಸೊಪ್ಪಿನ’ ಅಂತ ಸೇರಿಸಿ ಇನ್ನೊಂದು ಸಲ ಹುಡುಕಿದೆ. ಸೊಪ್ಪಿನ ಬೆಟ್ಟದ ಸುದ್ದಿಗಳು ಬಂದವು. ಅಡಿಕೆ ತೋಟದವರು ಸೊಪ್ಪು, ದರಕು (ಒಣ ಎಲೆ) ತರಲಿ ಅಂತ ತೋಟದ ಲೆಕ್ಕಕ್ಕೆ ಬಿಟ್ಟುಕೊಟ್ಟ ಕಾಡಿನ ಜಾಗಕ್ಕೆ ಶಿವಮೊಗ್ಗ, ಉತ್ತರ ಕನ್ನಡದ ಕಡೆ ಬೆಟ್ಟ ಅನ್ನುತ್ತಾರೆ. ಅದು ಗುಡ್ಡದ ಮೇಲೇ ಇರಬೇಕು ಅಂತೇನೂ ಇಲ್ಲ.

ಲೇಖಕರಿಗೆ ಫೋನ್ ಮಾಡಿ, ‘ಇದು ಸೊಪ್ಪಿನ ಬೆಟ್ಟ ಅಲ್ವಾ’ ಅಂತ ಕೇಳಿದೆ. ‘ಹೌದಲ್ಲ, ನಿಮಗೆ ಹೇಗೆ ಗೊತ್ತಾಯ್ತು?’ ಅಂದರು. ಆಮೇಲೆ ಅರ್ಧ ಗಂಟೆ ಅವರ ಅಜ್ಜನ ಬೆಟ್ಟದ ವಿಷಯ ಹೇಳಿದರು. ಅದರಲ್ಲಿ ನಾನು ಕೇಳೇ ಇರದ ಏಳು ಪದ ಬಂದವು. ಬರೆದಿಟ್ಟುಕೊಂಡಿದ್ದೇನೆ, ನಾಳೆ ಒಂದೊಂದಾಗಿ ಹುಡುಕಬೇಕು.